ವಿನ್ ಸ್ಕಲಿ ತೀರಿಕೊಂಡಾಗ ಲಾಸ್ ಏಂಜಲೀಸ್ ಯಾಕೆ ಅತ್ತಿತು? ಪದೇ ಪದೇ ಕೇಳುವ ಪ್ರಶ್ನೆಗಳು

2022ರ ಆಗಸ್ಟ್ 2ರಂದು ಬೇಸ್‌ಬಾಲ್ ಕಾಮೆಂಟೇಟರ್ ವಿನ್ ಸ್ಕಲಿ ತೀರಿಕೊಂಡರು. ಆಗ ಅವರಿಗೆ 94 ವರ್ಷ. ಕ್ರಿಕೆಟ್ ನೋಡಿ ಬೆಳೆದವರ ಜೊತೆ ಅವರ ಮಾತು ತೆಗೆದರೆ ಸಾಮಾನ್ಯವಾಗಿ ಬರುವ ಪ್ರಶ್ನೆಗಳು ಇವು. ಬೇಸ್‌ಬಾಲ್‌ನ ಗಂಧಗಾಳಿ ಇಲ್ಲದವರೂ ಓದಬಹುದು.

ಯಾರು ಈ ವಿನ್ ಸ್ಕಲಿ?

ಡಾಡ್ಜರ್ಸ್ ಅಂತ ಒಂದು ಬೇಸ್‌ಬಾಲ್ ತಂಡ ಇದೆ. ಮೊದಲು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿತ್ತು, 1958ರಿಂದ ಲಾಸ್ ಏಂಜಲೀಸ್‌ನಲ್ಲಿದೆ. ಆ ತಂಡದ ಪಂದ್ಯಗಳಿಗೆ ಸ್ಕಲಿ 1950ರಿಂದ 2016ರವರೆಗೆ ಕಾಮೆಂಟರಿ ಹೇಳಿದರು. ಒಟ್ಟು 67 ಸೀಸನ್. ಕೆಲಸಕ್ಕೆ ಸೇರಿದಾಗ ಅವರಿಗೆ 22, ಬಿಟ್ಟಾಗ 88. ನಮ್ಮ ದೇಶ ಗಣರಾಜ್ಯವಾದ ವರ್ಷ ಮೈಕ್ ಹಿಡಿದವರು ಸ್ಮಾರ್ಟ್‌ಫೋನ್ ಕಾಲದವರೆಗೂ ಅದೇ ತಂಡ, ಅದೇ ಕೆಲಸ. ಒಂದೇ ತಂಡದ ಜೊತೆ ಇಷ್ಟು ವರ್ಷ ಮಾತಾಡಿದ ಇನ್ನೊಬ್ಬ ಕಾಮೆಂಟೇಟರ್ ಅಮೆರಿಕದ ವೃತ್ತಿಪರ ಆಟಗಳಲ್ಲಿ ಇಲ್ಲ.

ಆಟಗಾರ ಅಲ್ಲ, ಕೋಚ್ ಅಲ್ಲ. ಕಾಮೆಂಟರಿ ಹೇಳುವವರು ಹೋದರೆ ಜನ ಅಷ್ಟು ಅಳ್ತಾರಾ?

ಇದನ್ನು ಅರ್ಥ ಮಾಡಿಕೊಳ್ಳಲು ಬೇಸ್‌ಬಾಲ್‌ನ ಕ್ಯಾಲೆಂಡರ್ ನೋಡಬೇಕು. ಒಂದು ತಂಡ ಒಂದು ಸೀಸನ್‌ಗೆ 162 ಪಂದ್ಯ ಆಡುತ್ತದೆ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಹೆಚ್ಚುಕಡಿಮೆ ದಿನಾ ಸಂಜೆ ಒಂದು ಪಂದ್ಯ, ಒಂದೊಂದೂ ಎರಡೂವರೆ ಮೂರು ಗಂಟೆ. ಐಪಿಎಲ್ ಎರಡು ತಿಂಗಳಲ್ಲಿ ಮುಗಿಯುತ್ತದೆ. ಇದು ಆರು ತಿಂಗಳು ಬಿಡದೆ ನಡೆಯುತ್ತದೆ. ಹಾಗಾಗಿ ಯಾರೂ ಕೂತು ಪೂರ್ತಿ ಕೇಳುವುದಿಲ್ಲ. ಅಡುಗೆ ಮಾಡುತ್ತಾ, ಗ್ಯಾರೇಜ್‌ನಲ್ಲಿ ಕಾರು ರಿಪೇರಿ ಮಾಡುತ್ತಾ, ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು, ಹಾಸಿಗೆಯಲ್ಲಿ ಬಿದ್ದುಕೊಂಡು ಕೇಳುತ್ತಾರೆ.

ಇದರ ಬಹುಪಾಲು ಸಂಜೆಗಳಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆಯುವುದಿಲ್ಲ. ತಂಡ 5-2ರಲ್ಲಿ ಸೋಲುತ್ತದೆ, ನಾಳೆ ಮತ್ತೆ ಆಡುತ್ತದೆ. ಸ್ಕಲಿಯವರ ಹೆಸರು ಬಂದ ಕೂಡಲೇ ಎಲ್ಲರೂ ನಾಲ್ಕೈದು ಪ್ರಸಿದ್ಧ ಕ್ಷಣಗಳನ್ನೇ ಎತ್ತುತ್ತಾರೆ. ನಾನೂ ಕೆಳಗೆ ಅವನ್ನು ಹೇಳಿದ್ದೇನೆ. ಆದರೆ ಜನ ಅತ್ತಿದ್ದು ಆ ಕ್ಷಣಗಳಿಗಾಗಿ ಅಲ್ಲ ಅಂತ ನನ್ನ ಅನಿಸಿಕೆ. ಏನೂ ನಡೆಯದ ಸಾವಿರಾರು ಸಂಜೆಗಳಲ್ಲಿ ಮನೆಯಲ್ಲಿದ್ದ ದನಿ ಅದು. ಅಪ್ಪ ಬದುಕಿದ್ದಾಗ ಇತ್ತು, ಅಪ್ಪ ಹೋದ ಮೇಲೂ ಇತ್ತು. ಅಭಿಮಾನಿಗಳು ಬರೆದ ನೆನಪುಗಳನ್ನು ಓದಿ ನೋಡಿ. ಎರಡನೇ ಸಾಲಿಗೇ ಬೇಸ್‌ಬಾಲ್ ಪಕ್ಕಕ್ಕೆ ಹೋಗಿ ಅಜ್ಜನ ರೇಡಿಯೋ, ಅಮ್ಮನ ಅಡುಗೆಮನೆ ಬಂದುಬಿಡುತ್ತದೆ. ಸ್ಕಲಿಯವರಿಗೆ ಅತ್ತವರು ತಮ್ಮ ಮನೆಯವರಿಗೂ ಸೇರಿಸಿ ಅತ್ತಿದ್ದಾರೆ.

ಆ ದಿನ ಏನೇನಾಯಿತು?

ಮಂಗಳವಾರ ಸಂಜೆ. ಡಾಡ್ಜರ್ಸ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜೈಂಟ್ಸ್ ವಿರುದ್ಧ ಆಡುತ್ತಿತ್ತು. ಈ ಎರಡು ತಂಡಗಳದ್ದು ನ್ಯೂಯಾರ್ಕ್ ಕಾಲದಿಂದಲೂ ನಡೆದುಬಂದ ವೈರ. ಪಂದ್ಯದ ನಡುವೆಯೇ ಸುದ್ದಿ ಹೊರಬಿತ್ತು. ಎದುರಾಳಿಗಳ ಮೈದಾನದಲ್ಲೇ ದೊಡ್ಡ ಪರದೆಯ ಮೇಲೆ ಸ್ಕಲಿಯವರಿಗೆ ಗೌರವ ಸಲ್ಲಿಸಿದರು.

ಇತ್ತ ಲಾಸ್ ಏಂಜಲೀಸ್‌ನಲ್ಲಿ ಯಾರೂ ಕರೆಯದೆ ಜನ ಸ್ಟೇಡಿಯಂ ಕಡೆ ಹೊರಟರು. ಸ್ಟೇಡಿಯಂಗೆ ಹೋಗುವ ರಸ್ತೆಯ ಒಂದು ಭಾಗಕ್ಕೆ 2016ರಲ್ಲೇ ವಿನ್ ಸ್ಕಲಿ ಅವೆನ್ಯೂ ಅಂತ ಹೆಸರಿಟ್ಟಿದ್ದರು. ಅಲ್ಲಿನ ಸ್ವಾಗತ ಫಲಕದ ಕೆಳಗೆ ಹೂವು, ಮೇಣದ ಬತ್ತಿ, ನೀಲಿ ಟೋಪಿಗಳು ರಾಶಿ ಬಿದ್ದವು. ಒಳಗೆ ಅವತ್ತು ಪಂದ್ಯವೇ ಇರಲಿಲ್ಲ. ಆದರೂ ಬಂದರು.

ಮೂರು ದಿನದ ನಂತರ, ಆಗಸ್ಟ್ 5ರಂದು, ತಂಡ ಊರಿಗೆ ವಾಪಸಾದಾಗ ಪಂದ್ಯಕ್ಕೆ ಮುಂಚೆ ಶ್ರದ್ಧಾಂಜಲಿ ನಡೆಯಿತು. ಸ್ಕಲಿ ಪ್ರತಿ ಪ್ರಸಾರ ಶುರು ಮಾಡುತ್ತಿದ್ದ ಮಾತು ಅಲ್ಲಿ ಎಲ್ಲರಿಗೂ ಬಾಯಿಪಾಠ: “ಡಾಡ್ಜರ್ ಬೇಸ್‌ಬಾಲ್‌ಗೆ ಹೊತ್ತಾಯಿತು!” ಅವತ್ತು ಅದನ್ನು ತಂಡದ ಮ್ಯಾನೇಜರ್ (ಅಂದರೆ ಮುಖ್ಯ ಕೋಚ್) ಡೇವ್ ರಾಬರ್ಟ್ಸ್ ಮೈಕ್ ಹಿಡಿದು ಹೇಳಿಸಿದರು, ಇಡೀ ಸ್ಟೇಡಿಯಂ ಕೂಗಿತು. ಆಟಗಾರರ ಅಂಗಿಯ ಮೇಲೆ ಮೈಕ್ ಚಿತ್ರದ ಜೊತೆ ‘ವಿನ್’ ಅಂತ ಬರೆದ ಕಪ್ಪು ಪಟ್ಟಿ ಇತ್ತು.

ಜನ ಸ್ಟೇಡಿಯಂಗೆ ಹೋಗಿಯೂ ರೇಡಿಯೋ ಕೇಳುತ್ತಿದ್ದರಂತೆ, ನಿಜವಾ?

ನಿಜ. ಇಡೀ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವೂ ಇದೇ.

ತಂಡ ಬ್ರೂಕ್ಲಿನ್ ಬಿಟ್ಟು ಬಂದಾಗ ಲಾಸ್ ಏಂಜಲೀಸ್‌ನಲ್ಲಿ ಅದಕ್ಕೆ ಸ್ವಂತ ಮೈದಾನ ಇರಲಿಲ್ಲ. 1958ರಿಂದ 1961ರವರೆಗೆ ಕೊಲಿಸಿಯಂನಲ್ಲಿ ಆಡಿದರು. ಅದು 1932ರ ಒಲಿಂಪಿಕ್ಸ್ ನಡೆದ ಸ್ಟೇಡಿಯಂ, 90 ಸಾವಿರಕ್ಕೂ ಹೆಚ್ಚು ಜನ ಹಿಡಿಸುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂತವರಿಗೆ ಆಟಗಾರರು ಇರುವೆಗಳಂತೆ ಕಾಣುತ್ತಿದ್ದರು. ಊರಿನವರಿಗೆ ಮೇಜರ್ ಲೀಗ್ (ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್) ಆಟ ಹೊಸದು, ಆಟಗಾರರ ಮುಖ ಪರಿಚಯವಿಲ್ಲ. ಅದೇ ಹೊತ್ತಿಗೆ ಜೇಬಿನಲ್ಲಿ ಹಿಡಿಸುವ ಟ್ರಾನ್ಸಿಸ್ಟರ್ ರೇಡಿಯೋ ಮಾರುಕಟ್ಟೆಗೆ ಬಂದಿತ್ತು. ಜನ ಅದನ್ನು ಜೊತೆಗೆ ತಂದು, ಕಣ್ಣೆದುರು ನಡೆಯುತ್ತಿದ್ದ ಆಟವನ್ನು ಸ್ಕಲಿಯವರಿಂದ ಕೇಳಿ ತಿಳಿದುಕೊಳ್ಳತೊಡಗಿದರು. ಇಡೀ ಊರಿಗೆ ಬೇಸ್‌ಬಾಲ್ ಕಲಿಸಿದ ಮೇಷ್ಟ್ರು ಅವರೇ.

1960ರಲ್ಲಿ ಒಂದು ತಮಾಷೆ ನಡೆಯಿತು. ಅವತ್ತು ಅಂಪೈರ್ ಫ್ರಾಂಕ್ ಸೆಕೋರಿಯ ಹುಟ್ಟುಹಬ್ಬ ಅಂತ ಸ್ಕಲಿಯವರಿಗೆ ಗೊತ್ತಾಯಿತು. ರೇಡಿಯೋದಲ್ಲಿ ಹೇಳಿದರು: ನಾನು ಮೂರು ಎಣಿಸುತ್ತೇನೆ, ಎಲ್ಲರೂ ಒಟ್ಟಿಗೆ ಕೂಗಿ. ಒಂದು, ಎರಡು, ಮೂರು. “ಹ್ಯಾಪಿ ಬರ್ತ್‌ಡೇ ಫ್ರಾಂಕ್!” ಅಂತ ಸಾವಿರಾರು ಜನ ಒಂದೇ ಸಲ ಕೂಗಿದರು. ಪಾಪ, ಅಂಪೈರ್‌ಗೆ ಏನಾಗುತ್ತಿದೆ ಅಂತ ತಲೆಬುಡ ತಿಳಿಯಲಿಲ್ಲ. ಅಂಪೈರ್‌ಗೆ ಜನ ಒಳ್ಳೆಯ ಮಾತು ಕೂಗಿದ್ದು ಬೇಸ್‌ಬಾಲ್‌ನಲ್ಲಿ ಬಹಳ ಅಪರೂಪ ಬಿಡಿ.

1962ರಲ್ಲಿ ಡಾಡ್ಜರ್ ಸ್ಟೇಡಿಯಂ ಶುರುವಾಯಿತು. ಅಲ್ಲಿ ಆಟ ಚೆನ್ನಾಗಿಯೇ ಕಾಣುತ್ತಿತ್ತು. ಆದರೂ ರೇಡಿಯೋ ತರುವ ಅಭ್ಯಾಸ ಹೋಗಲಿಲ್ಲ.

ಅವರು ಈ ಕೆಲಸಕ್ಕೆ ಬಂದಿದ್ದು ಹೇಗೆ?

1927ರ ನವೆಂಬರ್ 29ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದರು. ಐರಿಷ್ ಮೂಲದ ಕುಟುಂಬ. ರೇಷ್ಮೆ ಬಟ್ಟೆ ಮಾರುತ್ತಿದ್ದ ತಂದೆ ನ್ಯುಮೋನಿಯಾದಿಂದ ತೀರಿಕೊಂಡಾಗ ವಿನ್ ಪುಟ್ಟ ಮಗು. ಮನೆಯಲ್ಲಿ ನಾಲ್ಕು ಕಾಲಿನ ದೊಡ್ಡ ರೇಡಿಯೋ ಇತ್ತು. ಹುಡುಗ ದಿಂಬು ತಗೊಂಡು ಅದರ ಅಡಿಗೆ ತೂರಿಕೊಳ್ಳುತ್ತಿದ್ದ, ಪಕ್ಕದಲ್ಲಿ ಬಿಸ್ಕತ್ತು, ಒಂದು ಲೋಟ ಹಾಲು. ಎಲ್ಲೋ ದೂರದ ಊರಿನ ಕಾಲೇಜು ಫುಟ್‌ಬಾಲ್ ಪಂದ್ಯ. ಯಾರು ಗೆದ್ದರು ಅನ್ನುವುದು ಅವನಿಗೆ ಮುಖ್ಯ ಅಲ್ಲ, ಜನರ ಗದ್ದಲ ತಲೆಯ ಮೇಲಿಂದ ಸುರಿಯುವುದೇ ಖುಷಿ. ಈ ಗದ್ದಲದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಫೋರ್ಡಂ ಯೂನಿವರ್ಸಿಟಿಯಲ್ಲಿ ಓದುವಾಗ ಕಾಲೇಜು ರೇಡಿಯೋದಲ್ಲಿ ಮಾತಾಡಿದರು, ತಂಡದಲ್ಲಿ ಬೇಸ್‌ಬಾಲೂ ಆಡಿದರು. ಓದು ಮುಗಿದ ಮೇಲೆ ಪೂರ್ವ ಕರಾವಳಿಯ ಹತ್ತಾರು ಸ್ಟೇಷನ್‌ಗಳಿಗೆ ಕಾಗದ ಬರೆದು, ವಾಷಿಂಗ್ಟನ್‌ನ ಒಂದರಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಸಿಬಿಎಸ್ ರೇಡಿಯೋದ ಕ್ರೀಡಾ ವಿಭಾಗಕ್ಕೆ ಆಗ ರೆಡ್ ಬಾರ್ಬರ್ ಮುಖ್ಯಸ್ಥರು. ಅವರೇ ಡಾಡ್ಜರ್ಸ್‌ನ ಪ್ರಸಿದ್ಧ ಕಾಮೆಂಟೇಟರ್ ಕೂಡ. ಅವರು ಮನೆಗೆ ಫೋನ್ ಮಾಡಿದಾಗ ಅಮ್ಮ ಎತ್ತಿದರು. ಮಗ ಬಂದ ಕೂಡಲೇ “ರೆಡ್ ಸ್ಕೆಲ್ಟನ್ ಫೋನ್ ಮಾಡಿದ್ದ” ಅಂದರು. ರೆಡ್ ಸ್ಕೆಲ್ಟನ್ ಆ ಕಾಲದ ದೊಡ್ಡ ಹಾಸ್ಯನಟ!

1949ರಲ್ಲಿ ಬಾರ್ಬರ್ ಈ ಹುಡುಗನನ್ನು ಬಾಸ್ಟನ್‌ನ ಫೆನ್‌ವೇ ಪಾರ್ಕ್‌ಗೆ ಒಂದು ಫುಟ್‌ಬಾಲ್ ಪಂದ್ಯಕ್ಕೆ ಕಳಿಸಿದರು. ಬೆಚ್ಚಗಿನ ಕೋಣೆ ಸಿಗುತ್ತದೆ ಅಂದುಕೊಂಡು ಸ್ಕಲಿ ಕೋಟನ್ನು ಹೋಟೆಲ್‌ನಲ್ಲೇ ಬಿಟ್ಟು ಹೋದರು. ಸಿಕ್ಕಿದ್ದು ಸ್ಟೇಡಿಯಂನ ಮಾಳಿಗೆ, ಕೈಯಲ್ಲಿ ಮೈಕ್, ಉದ್ದನೆಯ ವೈರು. ಕೊರೆಯುವ ಚಳಿಯಲ್ಲಿ ಆ ಕಡೆಯಿಂದ ಈ ಕಡೆ ಓಡಾಡುತ್ತಾ ಪೂರ್ತಿ ಪಂದ್ಯ ಹೇಳಿದರು. ಚಳಿಯ ಬಗ್ಗೆ ಪ್ರಸಾರದಲ್ಲಿ ಒಂದು ಮಾತೂ ಇಲ್ಲ. ಬಾರ್ಬರ್‌ಗೆ ಇದೆಲ್ಲ ಗೊತ್ತಾಗಿದ್ದು ಆಮೇಲೆ, ಬೇರೆಯವರ ಬಾಯಿಂದ. ಮರುವರ್ಷ ಡಾಡ್ಜರ್ಸ್‌ನಲ್ಲಿ ಒಂದು ಜಾಗ ಖಾಲಿಯಾದಾಗ ಅವರಿಗೆ ನೆನಪಾಗಿದ್ದು ಈ ಹುಡುಗನೇ.

ಬಾರ್ಬರ್ ಕಟ್ಟುನಿಟ್ಟಿನ ಗುರು. ಮೇಜಿನ ಮೇಲೆ ಮೊಟ್ಟೆ ಬೇಯಿಸಲು ಬಳಸುವ ಮೂರು ನಿಮಿಷದ ಮರಳು ಗಡಿಯಾರ ಇಟ್ಟುಕೊಳ್ಳುತ್ತಿದ್ದರು. ಮರಳು ಇಳಿದಾಗಲೆಲ್ಲ ಸ್ಕೋರ್ ಹೇಳಲೇಬೇಕು, ಯಾಕಂದ್ರೆ ಯಾರೋ ಒಬ್ಬರು ಈಗ ತಾನೇ ರೇಡಿಯೋ ಹಾಕಿರುತ್ತಾರೆ. ಶಿಷ್ಯನಿಗೆ ಅವರು ಹೇಳಿದ ಇನ್ನೊಂದು ಮಾತು: ಬೇರೆ ಕಾಮೆಂಟೇಟರ್‌ಗಳನ್ನು ಕೇಳಬೇಡ, ಕೇಳಿದರೆ ನಿನ್ನತನ ಕರಗಿ ಹೋಗುತ್ತದೆ.

ಬೂತ್‌ನಲ್ಲಿ ಒಬ್ಬರೇ ಕೂತು ಮಾತಾಡುತ್ತಿದ್ದರಾ?

ಡಾಡ್ಜರ್ಸ್ ಪ್ರಸಾರದಲ್ಲಿ ಹೌದು, ತಮ್ಮ ಸರದಿ ಬಂದಾಗ ಒಬ್ಬರೇ. ಈಗ ಟಿವಿ ಹಾಕಿದರೆ ಇಬ್ಬರು ಮೂವರು ಒಬ್ಬರಿಗೊಬ್ಬರು ಮಾತಾಡಿಕೊಳ್ಳುತ್ತಿರುತ್ತಾರೆ, ನಾವು ಪಕ್ಕದ ಟೇಬಲ್‌ನವರ ಮಾತು ಕದ್ದು ಕೇಳಿದಂತಿರುತ್ತದೆ. ಸ್ಕಲಿ ನೇರವಾಗಿ ಕೇಳುಗರ ಜೊತೆ ಮಾತಾಡುತ್ತಿದ್ದರು. “ನೀವು ಎಲ್ಲೇ ಇರಿ, ನಿಮಗೆಲ್ಲ ಶುಭ ಸಂಜೆ” ಅಂತ ಶುರುವಿನಲ್ಲೇ ಹೇಳುತ್ತಿದ್ದರು. ರಾಷ್ಟ್ರಮಟ್ಟದ ಟಿವಿ ಪ್ರಸಾರಗಳಲ್ಲಿ ಮಾತ್ರ ಜೊತೆಗೊಬ್ಬರು ಇರುತ್ತಿದ್ದರು.

ನಮ್ಮಲ್ಲೂ ಇಂಥವರೊಬ್ಬರು ಇದ್ದರು. ಬಾಂಬೆಯ ಬಾಬಿ ತಲ್ಯಾರ್‌ಖಾನ್. 1930ರ ದಶಕದಲ್ಲಿ ರೇಡಿಯೋದಲ್ಲಿ ದಿನವಿಡೀ ಒಬ್ಬರೇ ಕ್ರಿಕೆಟ್ ಹೇಳುತ್ತಿದ್ದರು. ಬೇರೆಯವರ ಜೊತೆ ಮೈಕ್ ಹಂಚಿಕೊಳ್ಳಬೇಕು ಅಂದಾಗ ಆಕಾಶವಾಣಿಯ ಕಾಮೆಂಟರಿಯನ್ನೇ ಬಿಟ್ಟರು.

ಅವರ ಕಾಮೆಂಟರಿಯಲ್ಲಿ ಅಂಥಾ ವಿಶೇಷ ಏನಿತ್ತು?

ಯಾವಾಗ ಬಾಯಿ ಮುಚ್ಚಬೇಕು ಅಂತ ಗೊತ್ತಿತ್ತು.

1955ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ಮೊದಲ ಸಲ ವರ್ಲ್ಡ್ ಸೀರೀಸ್ (ಮೇಜರ್ ಲೀಗ್‌ನ ಫೈನಲ್ ಸರಣಿ) ಗೆದ್ದಿತು. ಎಷ್ಟೋ ವರ್ಷ ಸೋತು ಸೋತು ಕೊನೆಗೆ ಸಿಕ್ಕ ಗೆಲುವು. ಸ್ಕಲಿ ಹೇಳಿದ್ದು ಒಂದೇ ವಾಕ್ಯ: ಮಹಿಳೆಯರೇ ಮಹನೀಯರೇ, ಬ್ರೂಕ್ಲಿನ್ ಡಾಡ್ಜರ್ಸ್ ಈಗ ವಿಶ್ವ ಚಾಂಪಿಯನ್. ಅಷ್ಟೇ. ಅಷ್ಟು ಶಾಂತವಾಗಿ ಹೇಗೆ ಹೇಳಿದಿರಿ ಅಂತ ಜನ ಆಮೇಲೆ ಕೇಳುತ್ತಿದ್ದರಂತೆ. ಇನ್ನೊಂದು ಪದ ಹೇಳಿದ್ದರೆ ಅತ್ತುಬಿಡುತ್ತಿದ್ದೆ ಅನ್ನುವುದು ಅವರ ಉತ್ತರ.

1974ರ ಏಪ್ರಿಲ್ 8, ಅಟ್ಲಾಂಟಾ. ಹ್ಯಾಂಕ್ ಆರನ್ ತಮ್ಮ 715ನೇ ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್ ಇದ್ದ ಹಾಗೆ) ಹೊಡೆದು ಹಳೆಯ ಕಾಲದ ದಿಗ್ಗಜ ಬೇಬ್ ರೂತ್ ದಾಖಲೆ ಮುರಿದರು. ಬಿಳಿಯರ ದಾಖಲೆಯನ್ನು ಕರಿಯನೊಬ್ಬ ಮುರಿಯುವುದಾ ಅಂತ ಆರನ್‌ಗೆ ಕೊಲೆ ಬೆದರಿಕೆಯ ಕಾಗದಗಳು ಬಂದಿದ್ದವು. ಚೆಂಡು ಬೇಲಿ ದಾಟಿತು ಅಂತ ಹೇಳಿ ಸ್ಕಲಿ ಸುಮ್ಮನಾದರು. ಎದ್ದು ಬೂತ್‌ನ ಹಿಂದಕ್ಕೆ ಹೋದರು. ಕೇಳುಗರಿಗೆ ಬರೀ ಜನರ ಚಪ್ಪಾಳೆ, ಕೂಗು, ಪಟಾಕಿ. ವಾಪಸ್ ಬಂದು ಹೇಳಿದ್ದು ಹೆಚ್ಚುಕಡಿಮೆ ಹೀಗೆ: ಎಂಥ ಅದ್ಭುತ ಗಳಿಗೆ. ಅಮೆರಿಕದ ದಕ್ಷಿಣ ನಾಡಿನಲ್ಲಿ, ಬೇಸ್‌ಬಾಲ್‌ನ ಆರಾಧ್ಯ ದೈವದ ದಾಖಲೆ ಮುರಿದ ಒಬ್ಬ ಕಪ್ಪು ಮನುಷ್ಯನಿಗೆ ಜನ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದಾರೆ. ಮೊದಲೇ ಬರೆದಿಟ್ಟುಕೊಂಡ ಮಾತಲ್ಲ ಅದು. ಸುಮ್ಮನಿದ್ದ ಹೊತ್ತಲ್ಲಿ ನೋಡಿ ಹೊಳೆದದ್ದು.

1986ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಬಾಸ್ಟನ್ ಆಟಗಾರ ಬಿಲ್ ಬಕ್ನರ್ ಕಾಲಿನ ನಡುವೆ ಚೆಂಡು ಹೋಗಿ ನ್ಯೂಯಾರ್ಕಿನ ಮೆಟ್ಸ್ ತಂಡ ಗೆದ್ದಿತು. ಸ್ಕಲಿ ಸುಮಾರು ಮೂರು ನಿಮಿಷ ಮಾತೇ ಆಡಲಿಲ್ಲ. ಟಿವಿಯಲ್ಲಿ ಮೂರು ನಿಮಿಷ! ಈಗಿನ ಕಾಲದಲ್ಲಿ ಅಷ್ಟರಲ್ಲಿ ನಾಲ್ಕು ಜಾಹೀರಾತು, ಎರಡು ರೀಪ್ಲೇ, ಒಂದು ಕಿರುಚಾಟ ಮುಗಿದಿರುತ್ತದೆ.

ಇನ್ನು 1988. ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯ, ಓಕ್ಲಂಡ್ ವಿರುದ್ಧ. ಡಾಡ್ಜರ್ಸ್‌ನ ಕರ್ಕ್ ಗಿಬ್ಸನ್‌ಗೆ ಎರಡೂ ಕಾಲು ಪೆಟ್ಟಾಗಿತ್ತು. ಇವತ್ತು ಆತ ಆಡುವುದಿಲ್ಲ, ಖಂಡಿತ ಇಲ್ಲ ಅಂತ ಸ್ಕಲಿ ಟಿವಿಯಲ್ಲಿ ಹೇಳಿದರು. ಒಳಗಿನ ಕೋಣೆಯಲ್ಲಿ ಟಿವಿ ನೋಡುತ್ತಿದ್ದ ಗಿಬ್ಸನ್‌ಗೆ ಅದು ನಾಟಿತು. ಕಾಲಿಗೆ ಐಸ್ ಕಟ್ಟಿಸಿಕೊಂಡರು. ಕೊನೆಯ ಇನಿಂಗ್ಸ್, ಇಬ್ಬರು ಔಟ್ (ಮೂರನೆಯವರು ಔಟ್ ಆದರೆ ಮುಗಿಯಿತು), ಒಂದು ರನ್ ಹಿಂದೆ. ಗಿಬ್ಸನ್ ಕುಂಟುತ್ತಾ ಬಂದು ಡೆನಿಸ್ ಎಕರ್ಸ್ಲಿಯ ಚೆಂಡನ್ನು ಸ್ಟ್ಯಾಂಡ್‌ಗೆ ಹೊಡೆದರು. ‘ಹೋಯಿತು!’ ಅಂದ ಸ್ಕಲಿ ಮತ್ತೆ ಒಂದು ನಿಮಿಷಕ್ಕೂ ಜಾಸ್ತಿ ಸುಮ್ಮನೆ. ಆಮೇಲೆ ಒಂದೇ ಮಾತು: ಯಾರೂ ನಂಬಲಾಗದ ಈ ವರ್ಷದಲ್ಲಿ ಆಗದ್ದೇ ಆಗಿಹೋಗಿದೆ.

ರೇಡಿಯೋ ಅಡಿಯಲ್ಲಿ ಮಲಗಿ ಗದ್ದಲ ಕೇಳುತ್ತಿದ್ದ ಹುಡುಗನ ಆಸೆಯನ್ನೇ ಆ ಮನುಷ್ಯ ಕೊನೆವರೆಗೂ ಎಲ್ಲರಿಗೂ ಹಂಚಿದ್ದು. ಇದನ್ನು ಅವರೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ.

ಅವರು ಡಾಡ್ಜರ್ಸ್‌ನಿಂದ ಸಂಬಳ ತಗೊಳ್ಳುವವರು ತಾನೇ? ತಂಡದ ಪರ ಮಾತಾಡುತ್ತಿರಲಿಲ್ವಾ?

ಅಮೆರಿಕದ ಎಷ್ಟೋ ಊರುಗಳಲ್ಲಿ ಸ್ಥಳೀಯ ಕಾಮೆಂಟೇಟರ್ ‘ನಾವು ಗೆದ್ವಿ’ ಅಂತಲೇ ಹೇಳುತ್ತಾರೆ, ಜನರಿಗೂ ಅದು ಬೇಕು. ಸ್ಕಲಿ ಹಾಗೆ ಹೇಳಲಿಲ್ಲ. ಆರನ್‌ಗೆ 715ನೇ ಹೋಮ್ ರನ್ ಕೊಟ್ಟ ಪಿಚರ್ (ಚೆಂಡು ಎಸೆಯುವವರು) ಆಲ್ ಡೌನಿಂಗ್ ಡಾಡ್ಜರ್ಸ್‌ನವರೇ. ಆ ರಾತ್ರಿಯ ದನಿಯಲ್ಲಿ ಅದರ ಬೇಸರ ಹುಡುಕಿದರೂ ಸಿಗುವುದಿಲ್ಲ. ಎದುರಾಳಿ ತಂಡದ ಅಭಿಮಾನಿಗಳೂ ಅವರಿಗೆ ಅತ್ತಿದ್ದಕ್ಕೆ ಇದೂ ಒಂದು ಕಾರಣ.

ಆಟದ ನಡುವೆ ಕಥೆ ಹೇಳುತ್ತಿದ್ದರಂತೆ?

ಬೇಕಾದಷ್ಟು. ಬೇಸ್‌ಬಾಲ್‌ನಲ್ಲಿ ಎರಡು ಎಸೆತಗಳ ನಡುವೆ ಸಾಕಷ್ಟು ಬಿಡುವು ಇರುತ್ತದೆ. ಸ್ಕಲಿ ಅಲ್ಲಿ ಕಥೆ ಸೇರಿಸುತ್ತಿದ್ದರು. ಎಸೆತ ಬಂದಾಗ ಕಥೆ ನಿಲ್ಲುತ್ತದೆ, ಅದು ಸ್ಟ್ರೈಕಾ (ಬ್ಯಾಟರ್ ಹೊಡೆಯಬೇಕಿದ್ದು ತಪ್ಪಿದ ಎಸೆತ) ಬಾಲಾ (ಗುರಿ ತಪ್ಪಿದ ಎಸೆತ) ಅಂತ ಹೇಳಿ ಬಿಟ್ಟ ಪದದಿಂದಲೇ ಮುಂದುವರಿಯುತ್ತದೆ. 2016ರಲ್ಲಿ ಜೈಂಟ್ಸ್‌ನ ಪಿಚರ್ ಮ್ಯಾಡಿಸನ್ ಬಮ್‌ಗಾರ್ನರ್ ಆಡುತ್ತಿದ್ದಾಗ ಒಂದು ಕಥೆ ತೆಗೆದರು. ಬಮ್‌ಗಾರ್ನರ್ ದೊಡ್ಡ ಹಾವೊಂದನ್ನು ಕೊಡಲಿಯಿಂದ ಕತ್ತರಿಸುತ್ತಾನೆ, ಅದರ ಹೊಟ್ಟೆಯಿಂದ ಮೊಲದ ಮರಿಗಳು ಸಿಗುತ್ತವೆ, ಒಂದು ಇನ್ನೂ ಬದುಕಿರುತ್ತದೆ. ಈ ಕಡೆ ಬ್ಯಾಟರ್ ಒಂದೊಂದೇ ಎಸೆತ ಎದುರಿಸುತ್ತಿದ್ದಾನೆ, ಆ ಕಡೆ ಮೊಲದ ಮರಿ ಏನಾಯಿತು ಅಂತ ನಮಗೆ ಚಿಂತೆ. ಮುದುಕರಿಗೆ ಆಗ 88.

ಜಾಕಿ ರಾಬಿನ್ಸನ್ ಜೊತೆ ಸ್ಕೇಟಿಂಗ್ ಮಾಡಿದ ಕಥೆಯನ್ನೂ ಹೇಳುತ್ತಿದ್ದರು. ಮೇಜರ್ ಲೀಗ್‌ನ ವರ್ಣಭೇದದ ಗೋಡೆಯನ್ನು 1947ರಲ್ಲಿ ಮುರಿದವರು ರಾಬಿನ್ಸನ್. ಅವರು ಜೀವಮಾನದಲ್ಲಿ ಸ್ಕೇಟ್ ಹಾಕಿದವರಲ್ಲ. ಆದರೂ ‘ನಿನ್ನ ಜೊತೆ ರೇಸ್ ಮಾಡ್ತೀನಿ’ ಅಂದರಂತೆ. ನಿನಗೆ ಬರೋದೇ ಇಲ್ವಲ್ಲ ಅಂದರೆ, ‘ಕಲಿಯೋದೇ ಹಾಗೆ’ ಅಂದರಂತೆ. ರಾಬಿನ್ಸನ್ ಎಂಥವರು ಅಂತ ತಿಳಿಯಲು ಈ ಒಂದು ಕಥೆ ಸಾಕು.

ಎಲ್ಲರಿಗೂ ಅವರು ಇಷ್ಟವಾಗಿದ್ದರಾ?

ಅವರ ಎಲ್ಲ ಮಾತೂ ಎಲ್ಲರಿಗೂ ಇಷ್ಟವಾಗಿತ್ತು ಅಂತಲ್ಲ. 2016ರಲ್ಲಿ ಪಂದ್ಯದ ನಡುವೆ ವೆನೆಜುವೆಲಾದ ಮಾತು ಬಂದಾಗ ಸಮಾಜವಾದ ಎಲ್ಲೂ ಕೆಲಸ ಮಾಡಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದರು. ನಿವೃತ್ತಿಯ ನಂತರ 2017ರಲ್ಲಿ, ರಾಷ್ಟ್ರಗೀತೆಯ ಹೊತ್ತಿಗೆ ಆಟಗಾರರು ಕಪ್ಪು ಜನರ ಮೇಲಿನ ಅನ್ಯಾಯದ ವಿರುದ್ಧ ಮಂಡಿಯೂರಿ ಪ್ರತಿಭಟಿಸುತ್ತಾರೆ ಅಂತ ಇನ್ನು ಎನ್ಎಫ್ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಪಂದ್ಯ ನೋಡುವುದಿಲ್ಲ ಅಂದರು. ಆರನ್ ಬಗ್ಗೆ ಆ ಮಾತು ಹೇಳಿದವರು ಇವರೇನಾ ಅಂತ ಕೆಲವರಿಗೆ ನೋವಾಯಿತು. ಇನ್ನು ಕೆಲವರು ಹೊಗಳಿದರು. ಸತ್ತವರನ್ನು ನೆನೆಯುವಾಗ ಇದನ್ನು ಮುಚ್ಚಿಡಬೇಕಿಲ್ಲ ಅನ್ನುವುದು ನನ್ನ ಮಾತು. ಪ್ರೀತಿಸಿದವರಲ್ಲಿ ಹೆಚ್ಚಿನವರು ಇದು ಗೊತ್ತಿದ್ದೇ ಪ್ರೀತಿಸಿದರು.

ಕೊನೆಯ ವರ್ಷಗಳಲ್ಲಿ ಊರಿನವರಿಗೇ ಅವರ ದನಿ ಸಿಗಲಿಲ್ಲ ಅಂತಾರಲ್ಲ?

ಅದೊಂದು ಹೊಟ್ಟೆ ಉರಿಯುವ ವಿಷಯ. 2014ರಲ್ಲಿ ಡಾಡ್ಜರ್ಸ್ ಪಂದ್ಯಗಳು ತಂಡದ್ದೇ ಹೊಸ ಚಾನೆಲ್‌ಗೆ ಹೋದವು. ದರದ ಜಗಳದಲ್ಲಿ ಬಹಳಷ್ಟು ಕೇಬಲ್ ಮತ್ತು ಡಿಶ್ ಕಂಪನಿಗಳು ಆ ಚಾನೆಲ್ ತೆಗೆದುಕೊಳ್ಳಲಿಲ್ಲ. ಹೀಗಾಗಿ ಸ್ಕಲಿಯವರ ಕೊನೆಯ ಮೂರು ಸೀಸನ್ ಲಾಸ್ ಏಂಜಲೀಸ್‌ನ ಹೆಚ್ಚಿನ ಮನೆಗಳ ಟಿವಿಯಲ್ಲಿ ಬರಲೇ ಇಲ್ಲ. ಪಂದ್ಯದ ಒಂಬತ್ತು ಇನಿಂಗ್ಸ್‌ನಲ್ಲಿ ಮೊದಲ ಮೂರು ರೇಡಿಯೋದಲ್ಲೂ ಬರುತ್ತಿತ್ತು, ಅಷ್ಟೇ ಸಮಾಧಾನ. 2016ರ ಕೊನೆಯ ಆರು ಪಂದ್ಯಗಳನ್ನು ಮಾತ್ರ ಎಲ್ಲರಿಗೂ ಸಿಗುವ ಸ್ಥಳೀಯ ಚಾನೆಲ್‌ನಲ್ಲೂ ಹಾಕಿದರು.

ಕೊನೆಯ ಪಂದ್ಯ ಹೇಗಿತ್ತು?

ಕೊನೆ ಎರಡು ಸಲ ಬಂತು. ಡಾಡ್ಜರ್ ಸ್ಟೇಡಿಯಂನಲ್ಲಿ ಕೊನೆಯದು 2016ರ ಸೆಪ್ಟೆಂಬರ್ 25ರಂದು. ಚಾರ್ಲಿ ಕಲ್ಬರ್ಸನ್ ಅನ್ನುವ ಅಷ್ಟೇನೂ ಹೆಸರಿಲ್ಲದ ಆಟಗಾರ ಹತ್ತನೇ ಇನಿಂಗ್ಸ್‌ನಲ್ಲಿ ಹೋಮ್ ರನ್ ಹೊಡೆದು ಡಿವಿಷನ್ (ಲೀಗ್‌ನೊಳಗಿನ ತಮ್ಮ ಗುಂಪು) ಗೆಲ್ಲಿಸಿಬಿಟ್ಟ. ಸಿನಿಮಾದಲ್ಲಿ ಹೀಗೆ ಬರೆದರೆ ‘ಸಾಕು ಬಿಡಪ್ಪ’ ಅನ್ನುತ್ತಿದ್ದೆವು. ಆ ವರ್ಷ ಬ್ಯಾಟರ್‌ಗಳು ಮೊದಲ ಸಲ ಕ್ರೀಸಿಗೆ ಬಂದಾಗ ಬೂತ್ ಕಡೆ ತಿರುಗಿ ಹೆಲ್ಮೆಟ್ ಮುಟ್ಟಿ ನಮಸ್ಕಾರ ಹೇಳುತ್ತಿದ್ದರು.

ಕೊನೆಯ ಪ್ರಸಾರ ಅಕ್ಟೋಬರ್ 2ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಜೈಂಟ್ಸ್ ವಿರುದ್ಧ. ಆ ತಾರೀಖಿಗೆ ಒಂದು ಕಥೆ ಇದೆ. 1936ರ ಅಕ್ಟೋಬರ್ 2ರಂದು, ಎಂಟು ವರ್ಷದ ವಿನ್ ಶಾಲೆಯಿಂದ ಬರುವಾಗ ಒಂದು ಲಾಂಡ್ರಿಯ ಕಿಟಕಿಯಲ್ಲಿ ವರ್ಲ್ಡ್ ಸೀರೀಸ್ ಸ್ಕೋರ್ ನೋಡಿದ. ಯಾಂಕೀಸ್ 18, ಜೈಂಟ್ಸ್ 4. ಅಯ್ಯೋ ಪಾಪ ಅನ್ನಿಸಿ ಜೈಂಟ್ಸ್ ಅಭಿಮಾನಿಯಾದ. ಹೌದು, ಡಾಡ್ಜರ್ಸ್‌ನ ದನಿಯಾದ ಮನುಷ್ಯ ಹುಡುಗನಾಗಿದ್ದಾಗ ಅದರ ಕಡುವೈರಿಯ ಅಭಿಮಾನಿ! ಸರಿಯಾಗಿ 80 ವರ್ಷದ ನಂತರ ಅದೇ ತಾರೀಖಿಗೆ ಅದೇ ಜೈಂಟ್ಸ್ ಎದುರು ಮೈಕ್ ಕೆಳಗಿಟ್ಟರು. ಜೀವಮಾನಕ್ಕೆ ಸಾಕಾಗುವಷ್ಟು ಮಾತಾಡಿದ್ದೇನೆ ಅಂದು, ಕೊನೆಯ ಸಲ ಎಲ್ಲರಿಗೂ ಶುಭ ಮಧ್ಯಾಹ್ನ ಕೋರಿದರು. ಡಾಡ್ಜರ್ಸ್ 7-1ರಲ್ಲಿ ಸೋತಿತು.

ಲಾಸ್ ಏಂಜಲೀಸ್‌ನಲ್ಲಿ ಸ್ಪ್ಯಾನಿಷ್ ಮಾತಾಡುವವರು ಅಷ್ಟೊಂದು ಇದ್ದಾರಲ್ಲ, ಅವರಿಗೆ?

ಅವರಿಗೆ ಹೈಮೆ ಹರೀನ್ ಇದ್ದರು. ಈಕ್ವೆಡಾರ್‌ನಿಂದ ಬಂದು 1959ರಿಂದ ಡಾಡ್ಜರ್ಸ್ ಪಂದ್ಯಗಳನ್ನು ಸ್ಪ್ಯಾನಿಷ್‌ನಲ್ಲಿ ಹೇಳಿದವರು. 1981ರಲ್ಲಿ ಮೆಕ್ಸಿಕೋದ ಪಿಚರ್ ಫರ್ನಾಂಡೋ ವಲೆನ್ಸುವೆಲಾ ಊರನ್ನೇ ಹುಚ್ಚೆಬ್ಬಿಸಿದಾಗ ಪತ್ರಕರ್ತರ ಎದುರು ಅವರ ಮಾತನ್ನು ಇಂಗ್ಲಿಷ್‌ಗೆ ತಂದವರೂ ಹರೀನ್. ಸ್ಕಲಿ ತೀರಿಕೊಂಡ ಸೀಸನ್ನೇ ಹರೀನ್‌ರ ಕೊನೆಯ ಸೀಸನ್ ಆಗಿತ್ತು. ಹಾಗಾಗಿ 2022 ಆ ಊರಿಗೆ ಎರಡು ದನಿ ಕಳೆದುಕೊಂಡ ವರ್ಷ.

ಬೇರೆ ಊರುಗಳಲ್ಲೂ ಹೀಗೇನಾ?

ಹೌದು, ಪ್ರತಿ ಬೇಸ್‌ಬಾಲ್ ಊರಿಗೂ ಒಬ್ಬರು ಇರುತ್ತಾರೆ. 2009ರಲ್ಲಿ ಫಿಲಡೆಲ್ಫಿಯಾದ ಹ್ಯಾರಿ ಕ್ಯಾಲಸ್ ಪಂದ್ಯಕ್ಕೆ ಸ್ವಲ್ಪ ಮುಂಚೆ ಬೂತ್‌ನಲ್ಲೇ ಕುಸಿದು ತೀರಿಕೊಂಡರು. ಅಂತಿಮ ದರ್ಶನ ನಡೆದಿದ್ದು ಸ್ಟೇಡಿಯಂನಲ್ಲೇ. 2010ರಲ್ಲಿ ಡೆಟ್ರಾಯಿಟ್‌ನ ಅರ್ನಿ ಹಾರ್ವೆಲ್ ತೀರಿಕೊಂಡಾಗಲೂ ಹಾಗೆಯೇ, ಸಾವಿರಾರು ಜನ ರಾತ್ರಿಯೆಲ್ಲ ಸಾಲು ನಿಂತರು. ಈ ಹಾರ್ವೆಲ್‌ರನ್ನು 1948ರಲ್ಲಿ ಡಾಡ್ಜರ್ಸ್ ಒಬ್ಬ ಆಟಗಾರನನ್ನು ಬದಲಿಗೆ ಕೊಟ್ಟು ತಂದಿತ್ತು. ಕಾಮೆಂಟೇಟರ್‌ಗೆ ಆಟಗಾರನ ವಿನಿಮಯ! ಅವರು ಜೈಂಟ್ಸ್‌ಗೆ ಹೋದಾಗ ಖಾಲಿಯಾದ ಜಾಗಕ್ಕೇ ಸ್ಕಲಿ ಬಂದಿದ್ದು. 2025ರ ಜನವರಿಯಲ್ಲಿ ಮಿಲ್ವಾಕಿಯ ಬಾಬ್ ಯೂಕರ್ ಹೋದರು. 54 ಸೀಸನ್ ಊರನ್ನು ನಗಿಸಿದವರು.

ಸ್ಕಲಿಯವರ ಜಾಗಕ್ಕೆ ಯಾರು ಬಂದರು?

ಜೋ ಡೇವಿಸ್. ಸ್ಕಲಿಯವರ ಹಾಗೆ ಮಾತಾಡಲು ಹೋಗಲಿಲ್ಲ, ಅದೇ ಅವರ ಜಾಣತನ. ಈಗ ಬೂತ್‌ನಲ್ಲಿ ಇಬ್ಬರು ಇರುತ್ತಾರೆ.

ಬೇಸ್‌ಬಾಲ್ ಏನೂ ಗೊತ್ತಿಲ್ಲ. ಒಂದೇ ಒಂದು ತುಣುಕು ಕೇಳಬೇಕಂದ್ರೆ ಯಾವುದು?

1965ರ ಸೆಪ್ಟೆಂಬರ್ 9, ಡಾಡ್ಜರ್ಸ್ ಪಿಚರ್ ಸ್ಯಾಂಡಿ ಕೋಫ್ಯಾಕ್ಸ್‌ರ ಪರ್ಫೆಕ್ಟ್ ಗೇಮ್‌ನ ಒಂಬತ್ತನೇ ಇನಿಂಗ್ಸ್. ರೇಡಿಯೋ ಪ್ರಸಾರ, ಚಿತ್ರ ಇಲ್ಲ. ಆನ್‌ಲೈನ್‌ನಲ್ಲಿ ಹುಡುಕಿದರೆ ಸಿಗುತ್ತದೆ.

ಕೇಳುವ ಮುಂಚೆ ಇಷ್ಟು ಗೊತ್ತಿದ್ದರೆ ಸಾಕು. ಒಂಬತ್ತು ಇನಿಂಗ್ಸ್‌ನಲ್ಲಿ 27 ಜನರನ್ನು ಔಟ್ ಮಾಡಬೇಕು. ಪರ್ಫೆಕ್ಟ್ ಗೇಮ್ ಅಂದರೆ ಆ 27ರಲ್ಲಿ ಒಬ್ಬನೂ ಮೊದಲ ಬೇಸ್‌ಗೂ (ರನ್‌ಗಾಗಿ ಓಡಿ ಮುಟ್ಟಬೇಕಾದ ಮೊದಲ ಜಾಗ) ತಲುಪಬಾರದು. ಮೂರು ಸ್ಟ್ರೈಕ್ ಆದರೆ ಔಟ್, ನಾಲ್ಕು ಬಾಲ್ ಆದರೆ ಬ್ಯಾಟರ್‌ಗೆ ಬೇಸ್ ಪುಕ್ಕಟೆ. ತುಣುಕು ಶುರುವಾದಾಗ 24 ಜನ ಔಟ್ ಆಗಿದ್ದಾರೆ. ಡಾಡ್ಜರ್ಸ್ 1-0 ಮುಂದಿದೆ.

ಸ್ಕಲಿ ಆಗಾಗ ಗಂಟೆ, ತಾರೀಖು ಹೇಳುತ್ತಾರೆ. ಕೋಫ್ಯಾಕ್ಸ್‌ಗೆ ಮುಂದೆ ಈ ಧ್ವನಿಮುದ್ರಣ ನೆನಪಿಗಿರಲಿ ಅಂತ ಬೇಕೆಂದೇ ಹೇಳಿದ್ದು. ಮೈದಾನದಲ್ಲಿ 29 ಸಾವಿರ ಜನ, ಹತ್ತು ಲಕ್ಷ ಚಿಟ್ಟೆ ಅನ್ನುತ್ತಾರೆ ಒಂದು ಕಡೆ, ಎಲ್ಲರ ಹೊಟ್ಟೆಯೊಳಗಿನ ತಳಮಳಕ್ಕೆ ಅವರಿಟ್ಟ ಲೆಕ್ಕ ಅದು. ಕೋಫ್ಯಾಕ್ಸ್ ಟೋಪಿ ಸರಿಮಾಡಿಕೊಂಡಿದ್ದು, ಹಣೆ ಒರೆಸಿಕೊಂಡಿದ್ದು, ಎಲ್ಲ ಕಾಣುತ್ತದೆ. 27ನೆಯವನು ಹಾರ್ವಿ ಕೀನ್. ಆತ ಔಟ್ ಆದ ಮೇಲೆ 38 ಸೆಕೆಂಡ್ ಬರೀ ಗದ್ದಲ ಇರುತ್ತದೆ. ಮುಗಿಯಿತು ಅಂದುಕೊಂಡು ಆಫ್ ಮಾಡಬೇಡಿ, ಆಮೇಲೆ ಸ್ಕಲಿ ಮತ್ತೆ ಮಾತಾಡುತ್ತಾರೆ.